ಮಂಡಿಯ ಸರ್ವರ್‌ಗೆ ಮೂರೇ ಕಂಪ್ಯೂಟರ್: ಫೈರ್‌ವಾಲ್ ಹೀಗೆ ಹೊಂದಿಸಿ

ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಗೆಳೆಯನದೊಂದು ದಲಾಲಿ ಅಂಗಡಿ ಇದೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಂದವರೆಲ್ಲ ವೈಫೈ ಪಾಸ್‌ವರ್ಡ್ ಕೇಳುತ್ತಾರೆ, ಕೊಡುವುದಿಲ್ಲ ಎನ್ನಲಾಗುತ್ತದೆಯೇ? ಲೆಕ್ಕದ ಸರ್ವರ್ ಇರುವುದೂ ಅದೇ ನೆಟ್‌ವರ್ಕ್‌ನಲ್ಲಿ. ತೂಕದವರು, ಗುಮಾಸ್ತರು, ಮಾಲೀಕರು, ಈ ಮೂವರ ಕಂಪ್ಯೂಟರ್ ಬಿಟ್ಟು ಬೇರೆ ಯಾವುದೂ ಅದನ್ನು ಮುಟ್ಟಬಾರದು. ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ, ವಿಂಡೋಸ್‌ನಲ್ಲಿರುವ ಫೈರ್‌ವಾಲೇ ಸಾಕು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡುವ ಕಾವಲುಗಾರ ಅದು.

ಮೊದಲು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರ್‌ಗಿರುವ ನಂಬರ್, ಕಾಯಂ ಮಾಡಿಕೊಳ್ಳಿ. ಇಂದು ಗುಮಾಸ್ತರ ಕಂಪ್ಯೂಟರ್‌ಗಿದ್ದ 192.168.1.21 ನಾಳೆ ಲಾರಿ ಡ್ರೈವರ್ ಮೊಬೈಲ್‌ಗೆ ಹೋಗಬಹುದು. ರೂಟರ್‌ನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ (ವಿಳಾಸ ಕಾದಿರಿಸುವ ಸೆಟ್ಟಿಂಗ್) ಮೂರಕ್ಕೂ, ಸರ್ವರ್‌ಗೂ ಒಂದೊಂದು ವಿಳಾಸ ಕಟ್ಟಿಬಿಡಿ.

ಈಗ ಸರ್ವರ್ ಮುಂದೆ ಕೂತು ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್‌ಡ್ ಸೆಕ್ಯೂರಿಟಿ’ ತೆರೆಯಿರಿ. ಇನ್‌ಬೌಂಡ್ ರೂಲ್ಸ್ (ಒಳಬರುವ ಸಂಪರ್ಕದ ನಿಯಮಗಳು), ನ್ಯೂ ರೂಲ್, ಪೋರ್ಟ್, ಟಿಸಿಪಿ, ಹೀಗೆ ಒಂದೊಂದಾಗಿ ಒತ್ತುತ್ತ ಹೋಗಿ. ಪೋರ್ಟ್ ಎಂದರೆ ಪ್ರೋಗ್ರಾಂ ಒಂದು ಸಂಪರ್ಕಕ್ಕೆ ತೆರೆದಿಡುವ ಬಾಗಿಲಿನ ನಂಬರ್. ಲೆಕ್ಕದ ಡೇಟಾಬೇಸ್ ನಡೆಸುವ ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ ಬಳಸುವುದು 1433. ನಿಮ್ಮದು ಬೇರೆಯಾದರೆ ಸಾಫ್ಟ್‌ವೇರ್ ಹಾಕಿಕೊಟ್ಟವರನ್ನು ಕೇಳಿ. ‘ಅಲೋ ದಿ ಕನೆಕ್ಷನ್’ ಆರಿಸಿ, ಹೆಸರು ಕೊಡಿ, ಫಿನಿಶ್.

ಕೆಲಸ ಮುಗಿಯಿತು ಅಂದುಕೊಂಡು ಎದ್ದುಬಿಡಬೇಡಿ. ಯಾವ ಕಂಪ್ಯೂಟರ್‌ಗೆ ಎಂದು ಅದು ಇನ್ನೂ ಕೇಳಿಯೇ ಇಲ್ಲ! ಆ ರೂಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಸ್ಕೋಪ್’ ಟ್ಯಾಬ್‌ಗೆ ಹೋಗಿ. ‘ರಿಮೋಟ್ ಐಪಿ ಅಡ್ರೆಸ್’ ಕೆಳಗೆ ಮೂರೂ ವಿಳಾಸ ಸೇರಿಸಿ. ಮೇಲಿರುವ ‘ಲೋಕಲ್’ ಸರ್ವರ್‌ನದ್ದೇ, ಅದರ ತಂಟೆಗೆ ಹೋಗಬೇಡಿ.

ಇಷ್ಟೆಲ್ಲ ಮಾಡಿದರೂ ನನ್ನ ಲ್ಯಾಪ್‌ಟಾಪ್ ಸಲೀಸಾಗಿ ಒಳಗೆ ಹೋಯಿತು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಹಿಂದೆ ಯಾರೋ ಮಾಡಿಟ್ಟಿದ್ದ ರೂಲ್ ಒಂದು ಅದೇ ಪಟ್ಟಿಯ ಕೆಳಗೆಲ್ಲೋ ಕೂತಿತ್ತು, ಎಲ್ಲರನ್ನೂ ಬಿಡುತ್ತಿತ್ತು. ಎಷ್ಟೇ ಬಿಗಿ ರೂಲ್ ಬರೆದರೂ ಸಡಿಲ ರೂಲ್ ಒಂದು ಉಳಿದಿದ್ದರೆ ಸುಮ್ನೆ ದಂಡ. ಪೋರ್ಟ್ ನಂಬರ್ ನೋಡಿ ಹುಡುಕಿದರೆ ಸಾಲದು, ಪ್ರೋಗ್ರಾಂ ಹೆಸರಿನಲ್ಲೂ ರೂಲ್ ಇರುತ್ತದೆ. ಸಿಕ್ಕರೆ ‘ಡಿಸೇಬಲ್’ ಮಾಡಿ, ಅಳಿಸಬೇಡಿ. ಉಳಿದವರನ್ನು ತಡೆಯೋಣ ಎಂದು ಅದೇ ಪೋರ್ಟ್‌ಗೆ ‘ಬ್ಲಾಕ್’ ರೂಲ್ ಹಾಕಲೂ ಹೋಗಬೇಡಿ, ಅಲೋ ಇಲ್ಲದವರನ್ನು ಫೈರ್‌ವಾಲ್ ಸಾಮಾನ್ಯವಾಗಿ ತಾನೇ ತಡೆಯುತ್ತದೆ. ಬ್ಲಾಕ್ ಇದ್ದರೆ ಅಲೋ ನಡೆಯುವುದಿಲ್ಲ, ಗುಮಾಸ್ತರೂ ಹೊರಗೇ ನಿಲ್ಲುತ್ತಾರೆ.

ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ತೆಗೆಯಬೇಡಿ, ಐಪಿ ವಿಳಾಸವನ್ನು ಬೇಕೆಂದೇ ಬದಲಿಸಿಕೊಳ್ಳುವವರೂ ಇರುತ್ತಾರೆ. ಪರೀಕ್ಷೆಗೆ ಪಿಂಗ್ (ಆ ಕಡೆಯ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದಷ್ಟೇ ನೋಡುವ ಕಮಾಂಡ್) ನಂಬಬೇಡಿ, ಅದು ಈ ಪೋರ್ಟ್ ನೋಡುವುದೇ ಇಲ್ಲ. ಪಟ್ಟಿಯಲ್ಲಿಲ್ಲದ ಲ್ಯಾಪ್‌ಟಾಪ್‌ನ ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಟೆಸ್ಟ್-ನೆಟ್‌ಕನೆಕ್ಷನ್’ (Test-NetConnection) ಕಮಾಂಡ್‌ಗೆ ಸರ್ವರ್ ವಿಳಾಸ, ಪೋರ್ಟ್ ಎರಡೂ ಕೊಡಿ. ಹಳೇ ರೂಲ್ ಡಿಸೇಬಲ್ ಮಾಡಿದ ಮೇಲೆ ನನ್ನದರಲ್ಲಿ ‘ಫಾಲ್ಸ್’ ಬಂತು, ಅಂದರೆ ಸಂಪರ್ಕ ಸಿಗಲಿಲ್ಲ. ಗುಮಾಸ್ತರದ್ದರಲ್ಲಿ ‘ಟ್ರೂ’.