ಟಾ-ಲಿಬ್‌ನಲ್ಲಿ ಆರ್‌ಎಸ್‌ಐ: ಚಾರ್ಟಿಗೂ ಪ್ರೋಗ್ರಾಂಗೂ ತಾಳೆಯಾಗದಿದ್ದರೆ

ಅದೇ ಷೇರು, ಅದೇ ದಿನ, 14 ದಿನದ ಆರ್‌ಎಸ್‌ಐ (ಬೆಲೆಯ ಏರಿಕೆ-ಇಳಿಕೆಯ ಬಲವನ್ನು 0ಯಿಂದ 100ರೊಳಗೆ ತೋರಿಸುವ ಸೂಚಕ). ಚಾರ್ಟಿನಲ್ಲಿ 58 ಇದ್ದರೆ ನಿಮ್ಮ ಪೈಥಾನ್ ಪ್ರೋಗ್ರಾಂ 63 ತೋರಿಸುತ್ತದೆ. ಇಂಥ ಸೂಚಕಗಳನ್ನು ಲೆಕ್ಕ ಹಾಕಿಕೊಡುವ ಲೈಬ್ರರಿಯಾದ ಟಾ-ಲಿಬ್‌ನ ಸೂತ್ರವನ್ನು ಅನುಮಾನಿಸುವ ಮೊದಲು ಅದಕ್ಕೆ ಕೊಟ್ಟ ಡೇಟಾ ನೋಡಿ.

ಇನ್‌ಸ್ಟಾಲ್ ವಿಚಾರ ಚಿಕ್ಕದು. ಲೆಕ್ಕವೆಲ್ಲ ನಡೆಯುವುದು ಸಿ ಭಾಷೆಯ ಲೈಬ್ರರಿಯಲ್ಲಿ. ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಕೊಟ್ಟಾಗ ಹೆಡರ್ ಫೈಲ್ ಸಿಗಲಿಲ್ಲ ಎಂದು ಎರರ್ ಬಂದರೆ, ಮೊದಲು ಆ ಸಿ ಲೈಬ್ರರಿ ಹಾಕಿಕೊಂಡು ಮತ್ತೆ ಪಿಪ್ ಓಡಿಸಿ.

ಇನ್ನು ಡೇಟಾ. ಡೌನ್‌ಲೋಡ್ ಮಾಡಿದ ಎಷ್ಟೋ ಫೈಲ್‌ಗಳಲ್ಲಿ ಹೊಸ ದಿನಾಂಕ ಮೇಲಿರುತ್ತದೆ. ಹಳೆಯದು ಮೊದಲು ಬರುವಂತೆ ಸಾರ್ಟ್ ಮಾಡಲೇಬೇಕು. ಇಲ್ಲದಿದ್ದರೆ ಏರಿಕೆ ಇಳಿಕೆಯಾಗಿ, ಇಳಿಕೆ ಏರಿಕೆಯಾಗಿ ಲೆಕ್ಕ ಹೋಗುತ್ತದೆ, ಎರರ್ ಮಾತ್ರ ಬರುವುದಿಲ್ಲ. ‘1,432.50’ ಎಂದಿರುವ ಕಡೆ ಅಲ್ಪವಿರಾಮ ತೆಗೆದು ಕಾಲಂ ಪೂರ್ತಿ ಫ್ಲೋಟ್ (ದಶಮಾಂಶ ಸಂಖ್ಯೆ, ಸಿ ಭಾಷೆಯಲ್ಲಿ ‘ಡಬಲ್’) ಮಾಡಿ. ಪೂರ್ಣಾಂಕ ಕೊಟ್ಟರೆ ‘ಡಬಲ್ ಅಲ್ಲ’ ಎಂದು ಟಾ-ಲಿಬ್ ನಿರಾಕರಿಸುತ್ತದೆ. ನಡುವೆ ಒಂದೇ ಒಂದು ದಿನದ ಬೆಲೆ ಖಾಲಿಯಿದ್ದರೂ ಅಲ್ಲಿಂದ ಮುಂದಿನ ಆರ್‌ಎಸ್‌ಐ ಎಲ್ಲ ಖಾಲಿಯೇ.

ಈಗ ಒಂದು ದಿನದ ಲೆಕ್ಕ ಕೈಯಲ್ಲೇ ಹಾಕಿ ನೋಡಿ. ನಿನ್ನೆಯ ಸರಾಸರಿ ಏರಿಕೆ 1.20, ಸರಾಸರಿ ಇಳಿಕೆ 0.80. ಏರಿಕೆಯನ್ನು ಇಳಿಕೆಯಿಂದ ಭಾಗಿಸಿದ ಅನುಪಾತ 1.5. ಅದಕ್ಕೆ 1 ಕೂಡಿಸಿ, ಬಂದದ್ದರಿಂದ 100ನ್ನು ಭಾಗಿಸಿ, ಅದನ್ನು 100ರಿಂದ ಕಳೆದರೆ ಆರ್‌ಎಸ್‌ಐ 60. ಇವತ್ತು ಷೇರು 2.60 ರೂಪಾಯಿ ಏರಿತು. ನಿನ್ನೆಯ 1.20ನ್ನು 13ರಿಂದ ಗುಣಿಸಿ, 2.60 ಕೂಡಿಸಿ, 14ರಿಂದ ಭಾಗಿಸಿದರೆ 1.30. ಇಳಿಕೆಗೆ ಕೂಡಿಸಲು ಏನೂ ಇಲ್ಲ, ಹಾಗಾಗಿ 0.743. ಅನುಪಾತ 1.75, ಆರ್‌ಎಸ್‌ಐ 63.64. ಆರ್‌ಎಸ್‌ಐ ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ವಿಧಾನ ಇದೇ. ಪಾಂಡಾಸ್‌ನಲ್ಲಿ (ಪೈಥಾನ್‌ನ ಡೇಟಾ ಲೈಬ್ರರಿ) ನೀವೇ ಬರೆಯುವುದಾದರೆ ಆಲ್ಫಾ, ಅಂದರೆ ಸರಾಸರಿಯಲ್ಲಿ ಇವತ್ತಿನ ಬದಲಾವಣೆಗೆ ಸಿಗುವ ತೂಕ, 1/14 ಇರಲಿ. ಆಲ್ಫಾ ಬದಲು ಸ್ಪ್ಯಾನ್ 14 ಎಂದು ಕೊಟ್ಟರೆ ಪಾಂಡಾಸ್ 2ನ್ನು ‘ಸ್ಪ್ಯಾನ್ + 1’ರಿಂದ ಭಾಗಿಸುತ್ತದೆ, ಆಲ್ಫಾ 2/15 ಆಗಿ, ಆರ್‌ಎಸ್‌ಐ ವಿಪರೀತ ಕುಣಿಯುತ್ತದೆ. ವೈಲ್ಡರ್ ಲೆಕ್ಕಕ್ಕೆ ಸರಿಹೊಂದುವ ಸ್ಪ್ಯಾನ್ 27.

ನಿನ್ನೆಯ ಸರಾಸರಿಯ ಮೇಲೇ ಇವತ್ತಿನದು ನಿಂತಿರುವುದರಿಂದ, ಲೆಕ್ಕ ಎಲ್ಲಿಂದ ಶುರುವಾಯಿತು ಎಂಬುದು ಮುಖ್ಯ. ಮೊದಲ 14 ಸಾಲು ಖಾಲಿ ಬರುತ್ತವೆ, 15ನೆಯದರಲ್ಲಿ ಸಂಖ್ಯೆ ಸಿಗುತ್ತದೆ. ಆದರೆ ಆ ಸಂಖ್ಯೆಯನ್ನು ನಂಬಬೇಡಿ. ಆರಂಭದ ಸರಾಸರಿಯ ಪ್ರಭಾವ 30 ದಿನ ಕಳೆದರೂ ಶೇ 11ರಷ್ಟು ಉಳಿದಿರುತ್ತದೆ. 100 ದಿನಕ್ಕೆ ಶೇ 0.1ಕ್ಕಿಂತ ಕೆಳಗಿಳಿಯುತ್ತದೆ. ಚಾರ್ಟು ವರ್ಷಗಟ್ಟಲೆ ಹಿಂದಿನಿಂದ ಲೆಕ್ಕ ಹಾಕಿರುತ್ತದೆ, ನೀವು ಎರಡು ತಿಂಗಳ ಡೇಟಾ ಕೊಟ್ಟಿರುತ್ತೀರಿ. ಕನಿಷ್ಠ 250 ದಿನದ್ದು ಕೊಡಿ, ಮೊದಲ 100 ಸಾಲು ಬಿಟ್ಟುಬಿಡಿ.

ಬೋನಸ್ (ಉಚಿತ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬಂದಾಗಲೂ ಇದೇ ತೊಂದರೆ. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಾಗ 1,400 ರೂಪಾಯಿ ದಾಟಿದ್ದ ಬೆಲೆ ಅರ್ಧವಾಯಿತು. ಹೊಂದಾಣಿಕೆ ಮಾಡದ ಬೆಲೆ ಕೊಟ್ಟರೆ ಟಾ-ಲಿಬ್‌ಗೆ ಅದು 700 ರೂಪಾಯಿ ನಷ್ಟ. ಸರಾಸರಿ ಇಳಿಕೆಗೆ ಒಂದೇ ದಿನ 50 ರೂಪಾಯಿ ಸೇರುತ್ತದೆ, ತಿಂಗಳಾದ ಮೇಲೂ ಅದರಲ್ಲಿ ಐದು ರೂಪಾಯಿಗೂ ಹೆಚ್ಚು ಉಳಿದಿರುತ್ತದೆ. ಆರ್‌ಎಸ್‌ಐ 30ರ ಕೆಳಗೆ (ಅತಿಯಾಗಿ ಮಾರಾಟವಾಗಿದೆ ಎನ್ನುವ ಗುರುತು) ಬಿತ್ತೆಂದು ಪ್ರೋಗ್ರಾಂ ‘ಕೊಳ್ಳಿ’ ಎನ್ನುತ್ತದೆ, ಷೇರುದಾರ ಒಂದು ರೂಪಾಯಿಯೂ ಕಳೆದುಕೊಂಡಿರುವುದಿಲ್ಲ. ಬೋನಸ್, ಸ್ಪ್ಲಿಟ್‌ಗೆ ಹೊಂದಾಣಿಕೆ ಮಾಡಿದ ದಿನದ ಕೊನೆಯ ಬೆಲೆ, ಅಂದರೆ ಅಡ್ಜಸ್ಟೆಡ್ ಕ್ಲೋಸ್ ಕಾಲಂ ಬಳಸಿ.

ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ತಂತ್ರದ ಪರೀಕ್ಷೆ) ಮಾಡುವಾಗ ‘ಕೊಳ್ಳಿ’, ‘ಮಾರಿ’ ಎನ್ನುವ ಸಿಗ್ನಲ್ ಕಾಲಂ ಅನ್ನು ಒಂದು ಸಾಲು ಕೆಳಕ್ಕೆ ಶಿಫ್ಟ್ ಮಾಡಿ. ಇವತ್ತಿನ ಕ್ಲೋಸ್ ಗೊತ್ತಾಗುವ ಹೊತ್ತಿಗೆ ಮಾರುಕಟ್ಟೆ ಮುಚ್ಚಿರುತ್ತದೆ. ನೀವು ಕೊಳ್ಳಬಹುದಾದದ್ದು ಮುಂದಿನ ವಹಿವಾಟಿನ ದಿನದ ಓಪನ್ ಬೆಲೆಗೆ.