‘ವಿಚಾರವಂತರು’ ಅಂತ ಯಾರಿಗೆ ಬರೆಯಬೇಕು?

ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಜಾಸ್ತಿ ಬರುವುದು ಸನ್ಮಾನ ಪತ್ರ, ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ. ಯೋಚನೆ ಮಾಡುವವರನ್ನು ಹೊಗಳುವಾಗ ಜನ ಚಿಂತಕ, ಬುದ್ಧಿಜೀವಿ, ವಿಚಾರವಾದಿ, ವಿಚಾರವಂತ ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ. ಇವೆಲ್ಲ ಒಂದೇ ಅಲ್ಲ. ನನಗೆ ಪ್ರೀತಿಯ ಪದ ವಿಚಾರವಂತ. ಅದು ತಪ್ಪು ಜಾಗದಲ್ಲಿ ಕೂತರೆ ಸಂಕಟವಾಗುತ್ತದೆ.

ಮೊದಲು ‘ವಿಚಾರ’ವನ್ನೇ ನೋಡಿ. ಟೀ ಅಂಗಡಿಯಲ್ಲಿ ‘ಏನ್ ವಿಚಾರ?’ ಅಂದರೆ ಸಮಾಚಾರ. ಕೋರ್ಟಿನಲ್ಲಿ ವಿಚಾರಣೆ. ಹೆಣ್ಣಿನ ಕಡೆಯವರು ಹುಡುಗನ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ. ಬುಲ್ ಟೆಂಪಲ್ ರಸ್ತೆಯಲ್ಲಿ, ಡಿವಿಜಿ 1945ರಲ್ಲಿ ಶುರು ಮಾಡಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಆ ಹೆಸರಿನಲ್ಲಿ ವಿಚಾರ ಅಂದರೆ ಜನರೆಲ್ಲ ಕೂತು ಮಾತಾಡಬೇಕಾದ ಸಂಗತಿ. ಹಾಗಾಗಿ ವಿಚಾರವಂತ ಅಂದರೆ ಸುಮ್ನೆ ತಲೆ ಇರುವವನಲ್ಲ. ಕೇಳಿ, ತಿಳಿದು, ತೂಗಿ ಮಾತಾಡುವವನು. ಬುದ್ಧಿವಂತ ಥಟ್ಟನೆ ಉತ್ತರ ಕೊಡಬಹುದು, ವಿಚಾರವಂತ ಮೊದಲು ವಿಚಾರಿಸುತ್ತಾನೆ.

ಇದಕ್ಕೆ ಡಿಗ್ರಿ ಬೇಕಿಲ್ಲ. ಒಬ್ಬರು ಸ್ಮರಣ ಸಂಚಿಕೆಗೆ ಮಿರಮಿರ ಹೊಳೆಯುವ ಆರ್ಟ್ ಪೇಪರೇ ಬೇಕು ಅಂತ ಹಟ ಹಿಡಿದಿದ್ದರು. ನಮ್ಮ ಬೈಂಡರ್ ಅಂಟಿನ ಕೈ ಒರೆಸಿಕೊಳ್ಳುತ್ತಾ, “ಓದೋರಿಗೆ ವಯಸ್ಸೆಷ್ಟು ಸಾರ್?” ಅಂದರು. ಹೆಚ್ಚಿನವರು ಎಪ್ಪತ್ತು ದಾಟಿದವರು. ಬೈಂಡರ್ ಒಂದು ಹಾಳೆಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ತೋರಿಸಿದರು. ಅಕ್ಷರದ ಮೇಲೆಲ್ಲ ಬೆಳಕು ಹೊಡೆಯುತ್ತಿತ್ತು. ಕೊನೆಗೆ ಹೊಳಪಿಲ್ಲದ ಮ್ಯಾಪ್‌ಲಿಥೊ ಕಾಗದವೇ ಆಯಿತು. ‘ತುಂಬಾ ವಿಚಾರವಂತರು’ ಅನ್ನುವುದಕ್ಕೆ ನನಗೆ ಮೊದಲು ನೆನಪಾಗುವುದು ಅವರೇ.

ವಿಚಾರವಾದಿ ಬೇರೆ. ‘ವಾದಿ’ ಬಂದರೆ ಒಂದು ನಿಲುವು ಬಂತು ಅಂತ ಅರ್ಥ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಎಚ್. ನರಸಿಂಹಯ್ಯನವರಿಗೆ ಅದು ಸರಿಯಾದ ಪದ. ಆದರೆ ಒಮ್ಮೆ ದಿನಾ ಪೂಜೆ ಮಾಡಿಯೇ ತಿಂಡಿ ತಿನ್ನುವ ನಿವೃತ್ತ ಮೇಷ್ಟ್ರೊಬ್ಬರಿಗೆ ‘ಖ್ಯಾತ ವಿಚಾರವಾದಿ’ ಅಂತ ಬರೆದುಕೊಂಡು ಬಂದಿದ್ದರು. ನಾನು ಕೇಳದೆ ಬಿಟ್ಟೆ. ಮುನ್ನೂರು ಕಾರ್ಡು ಅಚ್ಚಾದ ಮೇಲೆ ಮನೆಯವರು ನೊಂದುಕೊಂಡರು. ಎಲ್ಲವನ್ನೂ ಮತ್ತೆ ಅಚ್ಚು ಹಾಕಿದೆವು. ಅವತ್ತಿನಿಂದ ಈ ಪದ ಕಂಡರೆ ಫೋನ್ ಮಾಡಿ ಕೇಳುತ್ತೇನೆ.

ಚಿಂತಕ ಅನ್ನುವುದು ಬರೆದು, ಭಾಷಣ ಮಾಡಿ ಹೆಸರಾದವರಿಗೆ ಸಾಕು. ಬುದ್ಧಿಜೀವಿ ಈಗ ಅರ್ಧ ಬೈಗುಳದ ಹಾಗೆ ಕೇಳುತ್ತದೆ, ಸನ್ಮಾನ ಪತ್ರದಲ್ಲಿ ಬೇಡ.

ರೂಪಗಳು ಸುಲಭ. ಹೆಂಗಸಿಗೆ ವಿಚಾರವಂತೆ, ಗೌರವಕ್ಕೆ ಇಬ್ಬರಿಗೂ ವಿಚಾರವಂತರು, ಗುಣಕ್ಕೆ ವಿಚಾರವಂತಿಕೆ. ‘ವಿಚಾರವಂಥ’ ಅಂತ ಮಹಾಪ್ರಾಣ ಹಾಕಬೇಡಿ, ಇದು ಗುಣವಂತ, ಹಣವಂತ ಇದ್ದ ಹಾಗೆ. ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳುವ ಪದವೂ ಅಲ್ಲ, ಇನ್ನೊಬ್ಬರು ಹೇಳಬೇಕು.

ಇನ್ನೊಂದು ಮಾತು. ಈ ಪದ ಬರೆದ ಮೇಲೆ ಅದರ ಪಕ್ಕದಲ್ಲೇ ಅವರು ಮಾಡಿದ ಒಂದು ಕೆಲಸ ಬರೆಯಿರಿ. ಆ ಮೇಷ್ಟ್ರ ಹೊಸ ಕಾರ್ಡಿನಲ್ಲಿ ಹೀಗೆ ಹಾಕಿದೆವು: ‘ವಿಚಾರವಂತರು. ಪ್ರಶ್ನೆ ಕೇಳಿದ ಮಗುವಿಗೆ ಒಂದು ದಿನವೂ “ಸುಮ್ನೆ ಕೂತ್ಕೋ” ಅನ್ನದವರು.’