ನೆಟ್ ನೋಡುವಾಗ ಕಂಪ್ಯೂಟರ್ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ನೋಡಿ

ಮಂಡ್ಯದಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಜನ ಮೊದಲು ಹೇಳುವ ಮಾತು ಒಂದೇ: "ವೈರಸ್ ಬಂದಿದೆ, ಫಾರ್ಮ್ಯಾಟ್ ಹೊಡೆದುಬಿಡಿ." ನೂರಡಿ ರಸ್ತೆಯ ಹತ್ತಿರ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ದಿನಾ ಕೇಳುವ ಮಾತು. ಫಾರ್ಮ್ಯಾಟ್ ಮಾಡಿಕೊಟ್ಟರೆ ನನಗೂ ನಾಲ್ಕು ಕಾಸು ಸಿಗುತ್ತದೆ, ಇಲ್ಲ ಅನ್ನೋಲ್ಲ. ಆದರೆ ನೆಟ್ ನೋಡುವಾಗ ಆಫ್ ಆಗುವ ಮಿಷಿನ್ ಎಷ್ಟೋ ಸಲ ಫಾರ್ಮ್ಯಾಟ್ ಆದಮೇಲೂ ಹಾಗೇ ಆಫ್ ಆಗುತ್ತದೆ. ತೊಂದರೆ ಡಬ್ಬದೊಳಗೆ ಇದ್ದರೆ ವಿಂಡೋಸ್ ಹೊಸದಾಗಿ ಹಾಕಿ ಏನು ಬಂತು?

"ನುಡಿಯಲ್ಲಿ ದಿನವಿಡೀ ಟೈಪ್ ಮಾಡ್ತೀನಿ ಸಾರ್, ಏನೂ ಆಗಲ್ಲ. ಯೂಟ್ಯೂಬ್ ಹಾಕಿದ್ರೆ ಹೋಗ್ಬಿಡುತ್ತೆ" ಅಂತ ಕೆಲವರು ಬರುತ್ತಾರೆ. ಇದು ಒಳ್ಳೆಯ ಸುಳಿವು. ಬರೀ ಟೈಪಿಂಗ್‌ಗೆ ಪ್ರೊಸೆಸರ್ ಮೈ ಮುರಿದು ದುಡಿಯಬೇಕಾಗಿಲ್ಲ. ಬ್ರೌಸರ್ ಹಾಗಲ್ಲ. ಟ್ಯಾಬ್ ಹೆಚ್ಚಾದಷ್ಟೂ ರ್‍ಯಾಮ್ ತಿನ್ನುತ್ತದೆ, ವಿಡಿಯೋ ಹಾಕಿದರೆ ಗ್ರಾಫಿಕ್ಸ್ ಚಿಪ್ಪಿಗೂ ಕೆಲಸ ಹಚ್ಚುತ್ತದೆ. ಎಲ್ಲಿ ಬಲ ಇಲ್ಲವೋ ಅಲ್ಲಿ ಆಗ ಬೀಳುತ್ತದೆ, ಅಷ್ಟೇ.

ಹಾಗಾಗಿ ಮೊದಲು ಏನು ಸಾಯ್ತಾ ಇದೆ ಅಂತ ಗಮನಿಸಿ. ಒಂದು ಟ್ಯಾಬ್ ಮಾತ್ರವಾ? ಇಡೀ ಬ್ರೌಸರ್ ಮುಚ್ಚಿಕೊಳ್ಳುತ್ತಾ? ಇಲ್ಲಾ ಕಂಪ್ಯೂಟರೇ ಹೋಗುತ್ತಾ?

ಟ್ಯಾಬ್ ಅಥವಾ ಬ್ರೌಸರ್ ಮಾತ್ರ ಆದರೆ ಸುಲಭ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆಗೆದು ಅದೇ ಸೈಟ್ ನೋಡಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳು) ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಸರಿಯಾಗಿ ನಡೆದರೆ ಕಳ್ಳ ಯಾವುದೋ ಎಕ್ಸ್‌ಟೆನ್ಷನ್. ಎಲ್ಲಾ ಆಫ್ ಮಾಡಿ, ಒಂದೊಂದೇ ಆನ್ ಮಾಡುತ್ತಾ ಬನ್ನಿ. ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವ ಟ್ಯಾಬ್ ಎಷ್ಟು ಮೆಮೊರಿ ನುಂಗುತ್ತಿದೆ ಅಂತ ಅಲ್ಲೇ ಕಾಣುತ್ತದೆ. ವಿಡಿಯೋ ಹಾಕಿದಾಗ ಸ್ಕ್ರೀನ್ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ ಗ್ರಾಫಿಕ್ಸ್ ಆಕ್ಸಲರೇಷನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆಗೆಯಿರಿ. ಅದರಿಂದ ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ (ಆ ಚಿಪ್ಪನ್ನು ವಿಂಡೋಸ್ ಓಡಿಸಲು ಬೇಕಾದ ಸಾಫ್ಟ್‌ವೇರ್) ಮೇಲೆ ಅನುಮಾನ ಪಡಿ. ಹೊಸ ಡ್ರೈವರನ್ನು ಕಂಪ್ಯೂಟರ್ ಅಥವಾ ಚಿಪ್ ತಯಾರಿಸಿದವರ ಸೈಟಿನಿಂದಲೇ ಇಳಿಸಿಕೊಳ್ಳಿ. "ಡ್ರೈವರ್ ಅಪ್‌ಡೇಟರ್" ಅಂತ ಸಿಗುವ ಬಿಟ್ಟಿ ಸಾಫ್ಟ್‌ವೇರ್ ಕಡೆ ತಿರುಗಿಯೂ ನೋಡಬೇಡಿ. ಇನ್ನೂ ವಿಂಡೋಸ್ 7 ಇಟ್ಟುಕೊಂಡಿದ್ದರೆ, 2023ರಲ್ಲಿ ಬಂದ ಕ್ರೋಮ್ 109 ಅದಕ್ಕೆ ಕೊನೆಯದು. ಹೊಸ ಸೈಟುಗಳು ಅದರಲ್ಲಿ ತಡವರಿಸಿದರೆ ಆಶ್ಚರ್ಯ ಇಲ್ಲ.

ಕಂಪ್ಯೂಟರೇ ಹೋಗುತ್ತಿದ್ದರೆ ವಿಷಯ ಬೇರೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ, ವ್ಯೂ ರಿಲಯಬಿಲಿಟಿ ಹಿಸ್ಟರಿ ತೆಗೆಯಿರಿ. ಯಾವ ದಿನ ಏನು ಕೆಟ್ಟಿತು ಅಂತ ಕೆಂಪು ಗುರುತು ಹಾಕಿ ತೋರಿಸುತ್ತದೆ. ವಿಂಡೋಸ್‌ನ ದಾಖಲೆ ಪುಸ್ತಕದಂತಿರುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಕಂಡು ಗಾಬರಿ ಬೀಳುವವರು ಜಾಸ್ತಿ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತಿತ್ತು ಅಂತಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳಲ್ಲ. ಅದೇ 4101 ಕಂಡರೆ ಗ್ರಾಫಿಕ್ಸ್ ಡ್ರೈವರ್ ನಡುವೆ ನಿಂತು ಮತ್ತೆ ಎದ್ದಿದೆ ಅಂತ ಅರ್ಥ.

ನಮ್ಮ ಕಡೆ ನಾನು ಮೊದಲು ನೋಡುವುದು ಬಿಸಿಯನ್ನು. ಪಾಂಡವಪುರ ಕಡೆಯ ಒಂದು ಮನೆಯಿಂದ ಕಂಪ್ಯೂಟರ್ ಬಂದಿತ್ತು, ಮನೆ ಪಕ್ಕದಲ್ಲೇ ಆಲೆಮನೆ. ಒಲೆಗೆ ಹಾಕುವ ಒಣ ಕಬ್ಬಿನ ಸಿಪ್ಪೆಯ ಬೂದಿ ಹಾರಿ ಬಂದು ಒಳಗೆಲ್ಲಾ ಕೂತಿತ್ತು. ಪ್ರೊಸೆಸರ್ ಫ್ಯಾನ್ ಬಿಚ್ಚಿದರೆ ಕೆಳಗಿನ ಹೀಟ್‌ಸಿಂಕ್‌ನ (ಬಿಸಿ ಎಳೆದುಕೊಳ್ಳುವ ಲೋಹದ ತುಂಡಿನ) ಸಂದು ಒಂದೂ ಕಾಣುತ್ತಿರಲಿಲ್ಲ, ಕಂಬಳಿ ಹೊದಿಸಿದ ಹಾಗೆ ಧೂಳು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಅದರ ಮೇಲೆ ಮನೆಯವರು ಡಬ್ಬಕ್ಕೆ ಹೂವಿನ ಚಿತ್ರದ ಬಟ್ಟೆ ಕವರ್ ಬೇರೆ ಹೊಲಿಸಿದ್ದರು. ಕಂಪ್ಯೂಟರ್ ಓಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ!

ಕ್ಲೀನ್ ಮಾಡುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಡಬ್ಬವನ್ನು ಹೊರಗೆ ಜಗುಲಿಗೆ ತನ್ನಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರಗಿರ ತಿರುಗಲು ಬಿಡಬೇಡಿ. ಒದ್ದೆ ಬಟ್ಟೆ ಬೇಡವೇ ಬೇಡ. ಹೀಟ್‌ಸಿಂಕ್ ಎತ್ತಿದರೆ ಪ್ರೊಸೆಸರ್ ಮೇಲೆ ಒಣಗಿದ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು. ಆಮೇಲೆ ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಮಾನಿಟರ್ ಸಾಫ್ಟ್‌ವೇರ್ ತೆರೆದಿಟ್ಟು ಯೂಟ್ಯೂಬ್ ಓಡಿಸಿ ನೋಡಿ. ಬರೀ ಒಂದು ವಿಡಿಯೋಗೇ ಪ್ರೊಸೆಸರ್ 90 ಡಿಗ್ರಿ ದಾಟುತ್ತಿದ್ದರೆ ಫ್ಯಾನ್ ಅಥವಾ ಪೇಸ್ಟ್ ಕೆಲಸ ಇನ್ನೂ ಬಾಕಿ ಇದೆ.

ಡಬ್ಬ ತೆಗೆದಿರುವಾಗಲೇ ರ್‍ಯಾಮ್ ಕೂಡ ನೋಡಿಬಿಡಿ. ಮೊದಲು ಡಬ್ಬದ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಕ್ಲಿಪ್ ಸರಿಸಿ ಪಟ್ಟಿ ತೆಗೆಯಿರಿ, ಹಳದಿ ಕಾಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ, ಪುಡಿ ಊದಿ, 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಪಟ್ಟಿ ಶುದ್ಧ ಮಾಡಿದ ಮೇಲೂ ಎರರ್ ಬಂದರೆ ಅದನ್ನು ಬದಲಿಸಿ, ಮಾತೇ ಇಲ್ಲ.

ನೀಲಿ ಸ್ಕ್ರೀನೂ ಇಲ್ಲ, ಹ್ಯಾಂಗೂ ಇಲ್ಲ, ದೀಪ ಆರಿಸಿದಂತೆ ಫಟ್ ಅಂತ ಹೋಗುತ್ತಿದ್ದರೆ? ಬಿಸಿ ಅಲ್ಲದಿದ್ದರೆ ಕರೆಂಟಿನ ಕಡೆ ನೋಡಿ. ಪಕ್ಕದಲ್ಲಿ ಬೋರ್‌ವೆಲ್ ಮೋಟರ್ ಆನ್ ಆದಾಗ ಲೈಟ್ ಮಿಣುಕುತ್ತಲ್ವಾ, ಬ್ಯಾಟರಿ ಸತ್ತಿರುವ ಯುಪಿಎಸ್ ಆ ಕ್ಷಣದಲ್ಲೇ ಕೈಬಿಡುತ್ತದೆ. ಯುಪಿಎಸ್ ಬಿಟ್ಟು ನೇರವಾಗಿ ಬೇರೆ ಪ್ಲಗ್ಗಿಗೆ ಹಾಕಿ ಒಂದೆರಡು ದಿನ ನೋಡಿ. ಆಗಲೂ ಹೋದರೆ ಡಬ್ಬದೊಳಗೆ ಎಲ್ಲದಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಬದಲಿಸಿ ನೋಡಬೇಕು. ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಕೊನೆಗೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ಹಾರ್ಡ್ ಡಿಸ್ಕ್ ನೋಡಿ. ನೀಲಿಯಲ್ಲಿ ಗುಡ್ ಅಂತ ಇದ್ದರೆ ಸದ್ಯಕ್ಕೆ ಬಿಡಿ. ಹಳದಿಯಲ್ಲಿ ಕಾಷನ್ ಅಂದರೆ ಬೇರೆಲ್ಲಾ ಬಿಟ್ಟು ಮೊದಲು ಫೋಟೋ, ಪತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಇಷ್ಟಾದರೂ ಬಗೆಹರಿಯದೆ ಅಂಗಡಿಗೆ ತರುವುದಾದರೆ ಮಾನಿಟರ್ ಹೊತ್ತು ತರಬೇಡಿ, ಡಬ್ಬ ಸಾಕು. ನೀಲಿ ಸ್ಕ್ರೀನ್ ಬಂದಿದ್ದರೆ ಅದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯುಪಿಎಸ್ ಮೇಲೆ ಅನುಮಾನ ಇದ್ದರೆ ಅದನ್ನೂ ಆಟೋದಲ್ಲಿ ಹಾಕಿಕೊಂಡು ಬನ್ನಿ. ಎಷ್ಟೋ ಕಂಪ್ಯೂಟರ್ ಅಂಗಡಿಯ ಟೇಬಲ್ ಮೇಲೆ ಚೆನ್ನಾಗಿ ಓಡಿ, ಮನೆಗೆ ಹೋದ ಮೇಲೆ ಮತ್ತೆ ಆಫ್ ಆಗುವುದು ಆ ಕಾರಣಕ್ಕೇ.